ಓದ್ತಾ ಕೂತಾಗ ಯಾರಾದ್ರೂ ಮಾತಾಡಿಸಿದ್ರೆ? ಹುಬ್ಬಳ್ಳಿ-ಧಾರವಾಡದ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಹೋಗ್ತಾ 20 ಕಿಲೋಮೀಟರ್, ಬರ್ತಾ 20 ಕಿಲೋಮೀಟರ್. ನನ್ನ ಓದೆಲ್ಲ ನಡೆಯುವುದು ಈ ದಾರಿಯಲ್ಲೇ. ಬ್ಯಾಗಿನಲ್ಲಿ ಪುಸ್ತಕ ಇಟ್ಟುಕೊಂಡು ಓಡಾಡುವ ಗೆಳತಿಯರು, ಕಾಲೇಜಿನ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: ಪಕ್ಕದವರು ಮಾತಿಗೆ ಇಳಿದರೆ ಏನು ಮಾಡೋದು? ಬಿಡಿ ಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇಷ್ಟು ಒದ್ದಾಡಿ ಹೊರಗೆ ಯಾಕೆ ಓದಬೇಕು? ಮನೆಯಲ್ಲಿ ಓದಬಾರದಾ?

ಮನೆಯಲ್ಲಿ ಆಗುವವರು ಅಲ್ಲೇ ಓದಲಿ. ನಮ್ಮ ಮನೆಯಲ್ಲಿ ನಾನು ಪುಸ್ತಕ ಹಿಡಿದರೆ ಸಾಕು, "ಖಾಲಿ ಕುಂತೀಯಲ್ಲ, ಒಂದಿಷ್ಟು ಮೆಂತೆ ಪಲ್ಲೆ ಸೋಸಿ ಕೊಡು" ಅಂತ ಅಡುಗೆಮನೆಯಿಂದ ಕೂಗು ಬರುತ್ತೆ. ಟಿವಿಯಲ್ಲಿ ಧಾರಾವಾಹಿ ನಡೀತಾ ಇರುತ್ತೆ. ಬಸ್ಸಿನಲ್ಲಿ ಸಿಗುವ ಮುಕ್ಕಾಲು ಗಂಟೆ ಮಾತ್ರ ನನ್ನದು.

ಆ ಮುಕ್ಕಾಲು ಗಂಟೆಯ ಬೆಲೆ ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. ಎರಡು ನಿಮಿಷಕ್ಕೆ ಒಂದು ಪುಟ ಅಂದರೂ ಹೋಗ್ತಾ 20 ಪುಟ, ಬರ್ತಾ 20 ಪುಟ. 300 ಪುಟದ ಕಾದಂಬರಿ ಎಂಟು ದಿನಕ್ಕೆ ಮುಗಿಯುತ್ತೆ. ಅದಕ್ಕೇ ಒಂದು ಸಣ್ಣ ಹರಟೆಯನ್ನೂ ಬಿಟ್ಟುಕೊಡಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಕಡೆ ಓದುವವರನ್ನು ಯಾಕೆ ಇಷ್ಟು ಮಾತಾಡಿಸ್ತಾರೆ?

ಕೆಟ್ಟ ಮನಸ್ಸಿನಿಂದ ಅಲ್ಲ. ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಪಕ್ಕಕ್ಕೆ ಬಂದು ಕೂತವರನ್ನು "ಯಾವೂರ್ರೀ ನಿಮ್ದು?" ಅಂತ ಕೇಳದಿದ್ದರೆ ನಮ್ಮಲ್ಲಿ ಅದು ಬಿಗುಮಾನ. ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಎದುರಿನವರಿಗೆ "ಬರ್ರಿ, ಊಟಾ ಮಾಡೂಣು" ಅಂದ ಮೇಲೇ ರೊಟ್ಟಿ ಮುರಿಯುವ ಜನ ನಾವು. ಒಬ್ಬರೇ ಸುಮ್ನೆ ಕೂತಿದ್ದಾರೆ ಅಂದರೆ ಏನೋ ಬ್ಯಾಸರ ಇರಬೇಕು, ಮಾತಾಡಿಸಿದರೆ ಹಗುರಾಗ್ತಾರೆ ಅಂತ ನಿಜವಾಗಿಯೂ ಅಂದುಕೊಳ್ಳುತ್ತಾರೆ.

ಇನ್ನೊಂದು ಕಾರಣ ಹಳೆಯದು. ಈ ಕಡೆ ಓದು ಅಂದರೆ ಬಹಳ ಕಾಲ ಗಟ್ಟಿಯಾಗಿ ಓದುವುದೇ ಆಗಿತ್ತು. ಶ್ರಾವಣ ಬಂದರೆ ಮಠದಲ್ಲಿ, ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಊರೆಲ್ಲ ಕೇಳುತ್ತೆ. ನಡುವೆ ಪ್ರಶ್ನೆ ಕೇಳಬಹುದು, ಹೌದು ಹೌದು ಅನ್ನಬಹುದು. ಹಾಗೆ ಬೆಳೆದವರ ಕಣ್ಣಿಗೆ, ಜನರ ನಡುವೆ ಕೂತು ಒಬ್ಬರೇ ಬಾಯಿ ಮುಚ್ಚಿ ಓದುವುದು ಸ್ವಲ್ಪ ವಿಚಿತ್ರವೇ. "ಏನೈತ್ರೀ ಅದರಾಗ?" ಅಂತ ಕೇಳುವ ಅಜ್ಜ ತನ್ನ ಪಾಲು ಕೇಳುತ್ತಿದ್ದಾರೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ತಪ್ಪಾಗುತ್ತಿರುವುದು ಒಂದೇ ಕಡೆ. ಓದುವುದನ್ನು ಖಾಲಿ ಕೂರುವುದು ಅಂತ ತಿಳಿಯುವುದು. ಅಂಗಡಿಯಲ್ಲಿ ಸಾವ್ಕಾರರು ಖಾತೆ ಪುಸ್ತಕ ಕೂಡಿಸುತ್ತಿದ್ದರೆ ನಾವು ಬಾಗಿಲಲ್ಲೇ ನಿಲ್ಲುತ್ತೇವೆ. "ತಡಿ, ಲೆಕ್ಕ ತಪ್ಪತೈತಿ" ಅಂತ ಮಕ್ಕಳನ್ನೂ ಸುಮ್ಮನಾಗಿಸುತ್ತೇವೆ. ಓದುವವರಿಗೂ ಹಾಗೇ ಲೆಕ್ಕ ತಪ್ಪುತ್ತೆ.

ಮೊಬೈಲ್ ನೋಡುವವರನ್ನು ಯಾರೂ ಕೇಳಲ್ಲ, ಪುಸ್ತಕ ಹಿಡಿದವರನ್ನೇ ಯಾಕೆ ಕೇಳ್ತಾರೆ?

ನನಗೂ ಇದು ಕಾಡಿದ ಪ್ರಶ್ನೆ. ಒಂದು ವಾರ ಪರೀಕ್ಷೆ ಮಾಡಿ ನೋಡಿದೆ. ಕಥೆಗಳನ್ನು ಮೊಬೈಲಿನಲ್ಲಿ ಓದಿದೆ. ಒಬ್ಬರೂ ಮಾತಾಡಿಸಲಿಲ್ಲ. ಮುಂದಿನ ವಾರ ಪುಸ್ತಕ ಹಿಡಿದೆ. ಮೊದಲ ದಿನವೇ "ಯಾರ್ ಬರದದ್ರೀ?" ಶುರು.

ಮೊಬೈಲು ಅಂದರೆ ಅವರವರ ಖಾಸಗಿ ವಿಷಯ, ಇಣುಕಬಾರದು ಅಂತ ಎಲ್ಲರಿಗೂ ಗೊತ್ತು. ಪುಸ್ತಕ ಹಾಗಲ್ಲ. ಅದರ ಹೆಸರು, ಚಿತ್ರ ಎದುರಿನ ಸೀಟಿಗೇ ಮುಖ ಮಾಡಿರುತ್ತೆ. ಗೋಡೆ ಮೇಲಿನ ಪೋಸ್ಟರ್ ಥರ ಅದೂ ಎಲ್ಲರದು ಅನ್ನಿಸುತ್ತೆ. ಇದು ತಿಳಿದ ಮೇಲೆ ನಾನು ಶಾಲೆ ಪುಸ್ತಕಕ್ಕೆ ಹಾಕುತ್ತಿದ್ದ ಹಾಗೆ ಖಾಕಿ ಕಾಗದದ ರಟ್ಟು ಹಾಕಲು ಶುರು ಮಾಡಿದೆ. ಪ್ರಶ್ನೆ ಅರ್ಧಕ್ಕರ್ಧ ಕಡಿಮೆ ಆಯಿತು. ಗ್ರಂಥಾಲಯದ ಪುಸ್ತಕಕ್ಕಂತೂ ಎಲ್ಲರೂ ರಟ್ಟು ಹಾಕಿ. ಮಿರ್ಚಿ ತಿಂದ ಕೈಯ ಎಣ್ಣೆಯಿಂದಲೂ ಉಳಿಯುತ್ತೆ.

"ಯಾವ ಎಕ್ಸಾಮಿಗೆ ಓದಾಕತ್ತೀರಿ?" ಅಂತ ಕೇಳಿದರೆ?

ಧಾರವಾಡದಲ್ಲಿ ಈ ಪ್ರಶ್ನೆಯಿಂದ ತಪ್ಪಿಸಿಕೊಂಡವರೇ ಇಲ್ಲ. ಸಪ್ತಾಪುರದ ಕಡೆ ಒಂದು ಸುತ್ತು ಹಾಕಿ ಬನ್ನಿ. ಸಾಲು ಸಾಲು ಕೋಚಿಂಗ್ ಸೆಂಟರ್, ರೀಡಿಂಗ್ ರೂಮ್. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಉತ್ತರ ಕರ್ನಾಟಕದ ಎಲ್ಲ ಕಡೆಯ ಮಕ್ಕಳು ಬಂದು ಕೂತಿದ್ದಾರೆ. ಹಾಗಾಗಿ ಪುಸ್ತಕ ಹಿಡಿದವರೆಲ್ಲ ಪರೀಕ್ಷೆಯವರೇ.

"ಹೌದ್ರಿ, ಎಕ್ಸಾಮ್ ಐತಿ" ಅಂದರೆ ಕೆಲಸ ಆಗುತ್ತೆ. ಆ ಮಾತಿಗೆ ಇಡೀ ಬಸ್ಸು ಗೌರವ ಕೊಡುತ್ತೆ. ಗದ್ದಲ ಮಾಡುವ ಮಕ್ಕಳನ್ನೂ ಗದರಿಸಿ ಕೂರಿಸುತ್ತಾರೆ. ಆದರೆ ದಯವಿಟ್ಟು ಹಾಗೆ ಹೇಳಬೇಡಿ. ನೌಕರಿಗಾಗಿ ಓದಿದರೆ ಮಾತ್ರ ಸುಮ್ಮನೆ ಬಿಡಬೇಕು, ಕಥೆ ಓದಿದರೆ ಬಿಡಬೇಕಾಗಿಲ್ಲ ಅನ್ನುವುದನ್ನು ನಾವೇ ಒಪ್ಪಿದ ಹಾಗಾಗುತ್ತೆ. ನಾನು ಹೇಳುವುದು ಇಷ್ಟೇ: "ಎಕ್ಸಾಮ್ ಇಲ್ರೀ, ಕಥಿ ಓದಾಕತ್ತೀನಿ. ಭಾಳ ಚೊಲೋ ಐತಿ, ನಡುವ ಬಿಡಾಕ ಆಗವಲ್ದು." ಇದನ್ನು ಕೇಳಿ ಬೇಜಾರು ಮಾಡಿಕೊಂಡವರನ್ನು ನಾನು ಇನ್ನೂ ನೋಡಿಲ್ಲ.

ಮನಸ್ಸು ನೋಯಿಸದೆ ಬೇಡ ಅನ್ನುವುದು ಹೇಗೆ?

ಇಲ್ಲಿ ಬಹಳ ಜನ ಮಾಡುವ ತಪ್ಪು ಏನು ಅಂದರೆ, ತಲೆ ಎತ್ತದೆ "ಹ್ಞೂಂ" ಅನ್ನುವುದು. ಎದುರಿನವರಿಗೆ ಅದು ಅರ್ಥ ಆಗುವುದಿಲ್ಲ. ಕೇಳಿಸಲಿಲ್ಲವೇನೋ ಅಂತ ಇನ್ನೂ ಜೋರಾಗಿ ಕೇಳುತ್ತಾರೆ. ಐದು "ಹ್ಞೂಂ" ಹೇಳಿ ಐದು ಸಲ ಸಾಲು ತಪ್ಪಿಸಿಕೊಳ್ಳುವುದಕ್ಕಿಂತ ಒಂದು ಸಲ ಪೂರಾ ತಲೆ ಎತ್ತುವುದು ಮೇಲು.

ಓದುತ್ತಿದ್ದ ಸಾಲಿನ ಮೇಲೆ ಬೆರಳು ಇಡಿ. ಪುಸ್ತಕ ಅರ್ಧ ಮುಚ್ಚಿ. ಮುಖ ನೋಡಿ. ಕೇಳಿದ್ದಕ್ಕೆ ಒಂದು ಉತ್ತರ ಕೊಡಿ, ಊರಿನ ಹೆಸರೋ ಪುಸ್ತಕದ ಹೆಸರೋ. ಆಮೇಲೆ ಹೇಳಿ: "ಕಾಕಾರ, ಇನ್ನ ಹತ್ತು ಪೇಜ್ ಉಳದಾವ್ರಿ. ಮುಗಿಸಿ ಮಾತಾಡ್ತೀನಿ." ಹೆಣ್ಣುಮಕ್ಕಳಾದರೆ "ಅಕ್ಕಾರ", ವಯಸ್ಸಾದವರಾದರೆ "ಅಜ್ಜಾರ", "ಅಮ್ಮಾರ". ಈ ಕರೆಯನ್ನು ನುಂಗಬೇಡಿ. "ಡಿಸ್ಟರ್ಬ್ ಮಾಡಬೇಡಿ" ಅನ್ನುವ ಮಾತು ನಮ್ಮ ಕಡೆ ಬಾಗಿಲು ಬಡಿದ ಹಾಗೆ ಕೇಳಿಸುತ್ತೆ. "ಕಾಕಾರ" ಅಂತ ಶುರು ಮಾಡಿದರೆ "ಬೇಡ" ಅನ್ನುವುದೂ ಹಾಗೆ ಕೇಳಿಸುವುದಿಲ್ಲ.

ಹತ್ತು ಪೇಜ್ ಅಂದಿದ್ದರೆ ಹತ್ತೇ ಆಗಿರಲಿ. ಮುಗಿದ ಮೇಲೆ ಅವರು ಇನ್ನೂ ಪಕ್ಕದಲ್ಲಿದ್ದರೆ ಎರಡು ಮಾತಾಡಿ. ಕೊಟ್ಟ ಮಾತು ಉಳಿಸಿಕೊಂಡರೆ ಮುಂದೆ ಆ ಬಸ್ಸಿನಲ್ಲಿ ಓದುವ ಇನ್ನೊಬ್ಬರಿಗೂ ಅನುಕೂಲ ಆಗುತ್ತೆ.

ಯಾರು ಮಾತಾಡಿಸಿದರೂ ಇದೇ ಉತ್ತರವಾ?

ಅಲ್ಲ. ಇದನ್ನು ನಾನು ಕಲಿತದ್ದು ಒಬ್ಬ ಅಮ್ಮನಿಂದ.

ಕೆಲವು ವರ್ಷದ ಹಿಂದಿನ ಮಾತು. ಪಕ್ಕದಲ್ಲಿ ಇಳಕಲ್ ಸೀರೆಯ ವಯಸ್ಸಾದ ಹೆಣ್ಣುಮಗಳು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿ. ನನ್ನ ಕಡೆ ತಿರುಗಿ "ಯವ್ವಾ..." ಅಂದರು. ಕಥೆ ಬಿಗಿಯಾದ ಜಾಗದಲ್ಲಿತ್ತು. ನಾನು ತಲೆ ಎತ್ತದೆ "ಗೊತ್ತಿಲ್ರೀ" ಅಂದೆ. ಏನು ಕೇಳಿದರು ಅಂತಲೂ ಕೇಳಿಸಿಕೊಂಡಿರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಅವರು ಇಳಿದರು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಆ ಚೀಟಿ ಬಿಚ್ಚಿ ಇನ್ನೊಬ್ಬರಿಗೆ ತೋರಿಸುತ್ತಿದ್ದರು. ಆ ಇನ್ನೊಬ್ಬರು ಕೈ ಮಾಡಿ ತೋರಿಸಿದ್ದು ಬಸ್ಸು ಹೋಗುತ್ತಿದ್ದ ದಿಕ್ಕಿಗೇ. ಆಸ್ಪತ್ರೆಯ ಚೀಟಿ ಇರಬೇಕು. ಎಲ್ಲಿ ಇಳಿಯಬೇಕು ಅಂತ ಕೇಳಲು ಬಂದಿದ್ದರು. ಮಧ್ಯಾಹ್ನದ ಬಿಸಿಲು. ಆ ದಿನ ಉಳಿದ ಪುಟಗಳು ನನಗೆ ತಲೆಗೆ ಹೋಗಲೇ ಇಲ್ಲ.

ಅವತ್ತಿನಿಂದ ಮೊದಲನೇ ಮಾತನ್ನು ಯಾವಾಗಲೂ ಪೂರ್ತಿ ಕೇಳಿಸಿಕೊಳ್ಳುತ್ತೇನೆ. ದಾರಿ ಕೇಳುವವರು, ಬೋರ್ಡು ಓದಲು ಬಾರದವರು, ಫೋನ್ ಮಾಡಿಕೊಡಿ ಅನ್ನುವವರು, ತಲೆ ಸುತ್ತುತ್ತಿದೆ ಅನ್ನುವವರು, ಇವರು ಯಾರೂ ತೊಂದರೆ ಕೊಡುವವರಲ್ಲ. ಪುಸ್ತಕ ಮುಚ್ಚಿ ಅವರ ಕೆಲಸ ಮಾಡಿಕೊಡಿ. ಹರಟೆಗೆ ಮಾತ್ರ ಹತ್ತು ಪೇಜಿನ ಉತ್ತರ.

ಎಲ್ಲಿ ಕೂತರೆ ಚೆನ್ನಾಗಿ ಓದಬಹುದು?

ನನ್ನ ಮೊದಲ ಆಯ್ಕೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು. ಅದಕ್ಕೆ ರಸ್ತೆ ನಡುವೆ ಬೇರೆಯೇ ದಾರಿ ಇದೆ, ಎಸಿ ಇದೆ, ಕುಲುಕಾಟ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಟಿಕೆಟ್ ನಿಲ್ದಾಣದಲ್ಲೇ ತೆಗೆದುಕೊಂಡು ಹತ್ತುವುದರಿಂದ ಬಸ್ಸಿನೊಳಗೆ ಕಂಡಕ್ಟರ್ ಬಂದು ಕೇಳುವುದಿಲ್ಲ. ಒಂದು ಅಡ್ಡಿ ಹತ್ತುವ ಮೊದಲೇ ಕಳೆಯಿತು. ಬಾಗಿಲ ಹತ್ತಿರ ಕೂರಬೇಡಿ, ಕಿಟಕಿ ಪಕ್ಕ ಹಿಡಿಯಿರಿ.

ಸಾದಾ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಬಂದು ಹೋಗುವ ತನಕ ಪುಸ್ತಕ ತೆಗೆಯಲೇಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾವು ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕಲ್ವಾ? ಕಾರ್ಡು ಕೈಯಲ್ಲೇ ಇರಲಿ. ಆ ಟಿಕೆಟ್ಟೇ ಆಮೇಲೆ ಪುಸ್ತಕದ ಗುರುತು.

ಹುಬ್ಬಳ್ಳಿ ರೈಲು ನಿಲ್ದಾಣ ನನಗೆ ತುಂಬಾ ಇಷ್ಟ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ, ಜಗತ್ತಿನಲ್ಲೇ ಅತಿ ಉದ್ದದ್ದು. ಜನ ಸೇರುವುದು ಮೆಟ್ಟಿಲ ಹತ್ತಿರ, ಚಹಾ ಸಿಗುವ ಕಡೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಸಾಕು. ರೈಲಿನ ಹೊತ್ತು ಮಾತ್ರ ನೆನಪಿರಲಿ, ವಾಪಸ್ ನಡೆಯುವ ದೂರವೂ ಉದ್ದವೇ.

ಧಾರವಾಡದಲ್ಲಿ ಸಾಧನಕೇರಿ, ಕೆಲಗೇರಿ ಕೆರೆ. ಹುಬ್ಬಳ್ಳಿಯಲ್ಲಿ ಉಣಕಲ್ ಕೆರೆ, ಆದರೆ ಭಾನುವಾರ ಸಂಜೆ ಬೇಡ. ನೃಪತುಂಗ ಬೆಟ್ಟ ಬೆಳಿಗ್ಗೆ ವಾಕಿಂಗ್‌ನವರದು. ಅವರು ಒಂದು ಸುತ್ತಿಗೆ ಒಮ್ಮೆ ನಿಮ್ಮನ್ನು ನೋಡುತ್ತಾರೆ, ಮೂರನೇ ಸುತ್ತಿಗೆ ಮಾತಾಡಿಸುತ್ತಾರೆ. ಗದಗಿನಲ್ಲಿ ಭೀಷ್ಮ ಕೆರೆಯ ದಂಡೆ ಚೆನ್ನ, ಆದರೆ ಅಲ್ಲಿನ ಗಾಳಿ! ಕಪ್ಪತಗುಡ್ಡದ ಕಡೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಪುಟ ಹಿಡಿಯಲು ಒಂದು ಕ್ಲಿಪ್ ಇಟ್ಟುಕೊಳ್ಳಿ. ವೀರನಾರಾಯಣ ಗುಡಿಯ ಅಂಗಳದಲ್ಲೂ ಮಧ್ಯಾಹ್ನ ತಂಪು. ಕುಮಾರವ್ಯಾಸ ಕೂತು ಬರೆದ ಅಂತ ಜನ ತೋರಿಸುವ ಕಂಬ ಇರುವ ಜಾಗ ಅದು. ಅಲ್ಲಿ ಪುಸ್ತಕ ಹಿಡಿದು ಕೂತವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ.

ಸಾರ್ವಜನಿಕ ಗ್ರಂಥಾಲಯವನ್ನು ಮರೆಯಬೇಡಿ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಮ್ಮ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಆ ಕುರ್ಚಿ ನಮ್ಮದೇ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಪರೀಕ್ಷೆಯ ಮಕ್ಕಳು ತುಂಬಿಕೊಳ್ಳುತ್ತಾರೆ.

ಖಾನಾವಳಿ, ಹೋಟೆಲಿನಲ್ಲಿ?

ಊಟದ ಹೊತ್ತಿನಲ್ಲಿ ಬೇಡ. ನಿಂತು ಕಾಯುವವರಿರುತ್ತಾರೆ. ನಾಲ್ಕು ಗಂಟೆ ಸುಮಾರಿಗೆ ಗಿರಮಿಟ್, ಚಹಾ ಹೇಳಿ ಕೂರಬಹುದು. ಟೇಬಲ್ ತುಂಬಿದರೆ ಎದ್ದುಬಿಡಿ.

ರೈಲಿನಲ್ಲಿ ಪೇಪರ್ ಓದುತ್ತಿದ್ದರೆ "ಒಳಗಿನ ಹಾಳಿ ಕೊಡ್ರಿ" ಅಂತಾರೆ.

ಕೊಡಿ. ಪೇಪರಿನ ಧರ್ಮವೇ ಅದು, ನಾಲ್ಕು ಕೈ ದಾಟಬೇಕು. ಕೊಟ್ಟರೆ ಅವರೂ ಸುಮ್ಮನಾಗುತ್ತಾರೆ, ಡಬ್ಬಿಯಲ್ಲಿ ಓದುವವರು ಒಬ್ಬರು ಹೆಚ್ಚಾಗುತ್ತಾರೆ. ನಾನು ಪುಸ್ತಕ ಓದುವ ದಿನವೂ ಎದುರಿನವರಿಗಾಗಿ ಒಂದು ಪೇಪರ್ ಇಟ್ಟುಕೊಂಡಿರುತ್ತೇನೆ.

ರಾತ್ರಿ ರೈಲಾದರೆ ಇನ್ನೊಂದು ಮಾತು. ರಾತ್ರಿ 10ರಿಂದ ಬೆಳಿಗ್ಗೆ 6 ಮಲಗುವ ಹೊತ್ತು. ಆಗ ಓದಬೇಕಾದರೆ ನಮ್ಮ ಬರ್ತಿನ ಸಣ್ಣ ದೀಪ ಸಾಕು. ದೊಡ್ಡ ದೀಪ ಹಚ್ಚಿಡುವ ಹಟ ನಮಗೆ ಬೇಡ. ನಮ್ಮ ಓದಿಗೆ ಶಾಂತಿ ಕೇಳುವವರು ಅವರ ನಿದ್ದೆಗೂ ಕೊಡಬೇಕಲ್ವಾ?

ಪಕ್ಕದವರು ಜೋರಾಗಿ ವಿಡಿಯೋ ನೋಡ್ತಾರೆ, ಫೋನಿನಲ್ಲಿ ಮಾತಾಡ್ತಾರೆ. ಗದ್ದಲ ಅಂದರೆ ಗದ್ದಲ, ಯಾಕೆ ಇದೇ ಜಾಸ್ತಿ ಕಾಡುತ್ತೆ?

ಇಂಜಿನ್ ಸದ್ದಿನಲ್ಲಿ ಅರ್ಥ ಇಲ್ಲ, ಹಾಗಾಗಿ ಮನಸ್ಸು ಅದನ್ನು ಬಿಟ್ಟುಬಿಡುತ್ತೆ. ಮಾತಿನಲ್ಲಿ ಅರ್ಥ ಇದೆ. ನಾವು ಓದುವಾಗ ಒಳಗೊಂದು ದನಿ ಓದುತ್ತಿರುತ್ತೆ, ಹೊರಗಿನ ಕನ್ನಡ ಬಂದು ಒಳಗಿನ ಕನ್ನಡದ ಮೇಲೆ ಬೀಳುತ್ತೆ. ಗೊತ್ತಿಲ್ಲದ ಭಾಷೆಯವರು ಎಷ್ಟೇ ಮಾತಾಡಿದರೂ ನನಗೆ ಇಷ್ಟು ಕಷ್ಟ ಆಗುವುದಿಲ್ಲ. "ಅಣ್ಣಾರ, ಸೌಂಡ್ ಸ್ವಲ್ಪ ಕಮ್ಮಿ ಮಾಡ್ರಿ" ಅಂದರೆ ಹೆಚ್ಚಿನವರು ಮಾಡುತ್ತಾರೆ. ಇಯರ್‌ಫೋನ್ ಹಾಕಿಕೊಂಡು ಹಾಡು ಹಚ್ಚದೆ ಕೂರುವುದೂ ಒಂದು ದಾರಿ. ಮಾತಾಡಿಸಲು ಬರುವವರೂ ಅದನ್ನು ನೋಡಿ ನಿಲ್ಲುತ್ತಾರೆ.

ಹುಡುಗಿ ಒಬ್ಬಳೇ ಓದುತ್ತಿದ್ದಾಳೆ ಅಂತ ಬಂದು ಕಾಡುವವರಿಗೆ?

ಮೇಲೆ ಹೇಳಿದ ಅಕ್ಕರೆಯ ಮಾತು ಯಾವುದೂ ಇವರಿಗೆ ಅನ್ವಯಿಸುವುದಿಲ್ಲ. ವ್ಯತ್ಯಾಸ ತಿಳಿಯುವುದು ಸುಲಭ. ಪುಸ್ತಕದ ಬಗ್ಗೆ ಒಂದು ಪ್ರಶ್ನೆ ಕೇಳಿ, ನಾಲ್ಕು ಪ್ರಶ್ನೆ ನಿಮ್ಮ ಬಗ್ಗೆ ಕೇಳುತ್ತಾರೆ. ಎಲ್ಲಿ ಇರ್ತೀರಿ, ದಿನಾ ಇದೇ ಬಸ್ಸಾ, ನಂಬರ್ ಕೊಡಿ. ಪುಸ್ತಕ ಅವರಿಗೆ ನೆಪ.

ಇಂಥವರಿಗೆ ಹತ್ತು ಪೇಜಿನ ಲೆಕ್ಕ ಕೊಡಬೇಡಿ, ಆಮೇಲೆ ಮಾತಾಡ್ತೀನಿ ಅಂತಲೂ ಹೇಳಬೇಡಿ. "ನನಗ ಮಾತಾಡೂದು ಬ್ಯಾಡ" ಅಂತ ಸುತ್ತಲಿನವರಿಗೂ ಕೇಳುವ ಹಾಗೆ ಹೇಳಿ. ಎದ್ದು ಹೆಂಗಸರಿರುವ ಸೀಟಿನ ಕಡೆ ಹೋಗಿ. ನಮ್ಮ ಕಡೆಯ ಬಸ್ಸಿನಲ್ಲಿ ಯಾರಾದರೂ ಒಬ್ಬ ಅಕ್ಕ ದನಿ ಎತ್ತೇ ಎತ್ತುತ್ತಾರೆ. ತುರ್ತಿಗೆ 112, ರೈಲಿನಲ್ಲಾದರೆ 139. ಬೇಡ ಅಂತ ಸ್ಪಷ್ಟವಾಗಿ ಹೇಳಿದ ಮೇಲೂ ಗಂಡಸು ಹೆಣ್ಣುಮಗಳ ಬೆನ್ನು ಹತ್ತಿದರೆ, ಪದೇ ಪದೇ ಸಂಪರ್ಕಿಸಲು ನೋಡಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನ ಪ್ರಕಾರ ಅಪರಾಧ. ಇಂಥವರಿಗೆ ಹೆದರಿ ಓದು ಬಿಟ್ಟು ಮನೆ ಸೇರಬೇಡಿ. ನಾಳೆಯೂ ಪುಸ್ತಕ ಹಿಡಿದೇ ಬನ್ನಿ.

ಮಾತಾಡಿದ ಮೇಲೆ ಓದಿದ್ದು ಮರೆತೇ ಹೋಗುತ್ತೆ. ಏನು ಮಾಡಲಿ?

ನಿಲ್ಲಿಸಿದ ಸಾಲಿಗೇ ವಾಪಸ್ ಹೋಗಬೇಡಿ. ಆ ಪ್ಯಾರಾದ ಮೊದಲಿನಿಂದ ಓದಿ. ನಾನು ಪೆನ್ಸಿಲ್ಲಿನಿಂದ ಅಂಚಿಗೆ ಸಣ್ಣ ಚುಕ್ಕೆ ಇಡುತ್ತೇನೆ. ಬಸ್ಸಿಗೆ ಸಣ್ಣ ಕಥೆ, ಪ್ರಬಂಧ ಒಳ್ಳೆಯದು. ಕಷ್ಟದ ಪುಸ್ತಕವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಒಟ್ಟಿಗೆ ಕೂತು ಸುಮ್ಮನೆ ಓದುವ ಪದ್ಧತಿ ನಮ್ಮಲ್ಲೂ ಆಗಬಹುದಾ?

ಯಾಕಾಗಬಾರದು? ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರ ಶನಿವಾರ ಜನ ಚಾಪೆ ಹಾಸಿ ಮಾತಿಲ್ಲದೆ ಓದುತ್ತಾರೆ. ನಮ್ಮಲ್ಲಿ ಓದುವವರಿಗೇನು ಕಡಿಮೆ? 1890ರಲ್ಲೇ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ಊರು ನಮ್ಮದು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ಆದಾಗ ನಾನು ಹೋಗಿದ್ದೆ. ವಾಪಸ್ ಬರುವ ಬಸ್ಸಿನಲ್ಲಿ ಎಲ್ಲರ ತೊಡೆ ಮೇಲೂ ಪುಸ್ತಕದ ಚೀಲ. ಊರು ದಾಟುವ ತನಕ ಗಲಗಲ ಮಾತು. ಆಮೇಲೆ ಒಬ್ಬರು ಚೀಲದಿಂದ ಒಂದು ತೆಗೆದು ಓದಲು ಶುರು ಮಾಡಿದರು, ಅವರನ್ನು ನೋಡಿ ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಬಸ್ಸೆಲ್ಲ ಮೌನ. ಯಾರೂ ಯಾರಿಗೂ ಸುಮ್ಮನಿರಿ ಅನ್ನಲಿಲ್ಲ. ನಾಲ್ಕು ಜನ ಸೇರಿ ಸಾಧನಕೇರಿಯಲ್ಲಿ ಕೂತರೆ ಐದನೆಯವರು ಮಾತಾಡಿಸಲು ಹಿಂಜರಿಯುತ್ತಾರೆ, ಆರನೆಯವರು ಪುಸ್ತಕ ತರುತ್ತಾರೆ.

ಪಕ್ಕದವರು ಮಾತಾಡಲ್ಲ, ಆದರೆ ನಮ್ಮ ಪುಸ್ತಕದಲ್ಲೇ ಇಣುಕಿ ಓದ್ತಾರೆ. ಮುಜುಗರ ಆಗುತ್ತೆ.

ಮೊದಲು ನನಗೂ ಆಗುತ್ತಿತ್ತು. ಪುಸ್ತಕವನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಒಮ್ಮೆ ಹುಬ್ಬಳ್ಳಿಯಿಂದ ಗದಗಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಧೋತರ ಉಟ್ಟ, ಬಿಳಿ ಟೋಪಿಯ ಅಜ್ಜ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ಯಾವೂರು ಅಂತಲೂ ಕೇಳಲಿಲ್ಲ. ನಾನು ಪುಟ ತಿರುವಲು ಹೋದಾಗ ಅವರ ಬೆರಳು ಮೆಲ್ಲಗೆ ಬಂದು ಪುಟದ ಮೂಲೆ ಒತ್ತಿತು. "ತಡಿಯವ್ವಾ, ಇನ್ನ ಎರಡ ಸಾಲ ಅದಾವು." ತಡೆದೆ. "ಹಾಂ, ತಿರುವು." ಪುಸ್ತಕವನ್ನು ಸ್ವಲ್ಪ ಅವರ ಕಡೆ ಸರಿಸಿದೆ. ಅಣ್ಣಿಗೇರಿ ಬರುವ ತನಕ ಹಾಗೇ ಓದಿದೆವು. ನಾನು ಬೇಗ ಮುಗಿಸಿ ಕಾಯುವೆ, ಅವರು "ಹಾಂ" ಅನ್ನುವರು. ಬೇರೆ ಮಾತಿಲ್ಲ.

ಅಣ್ಣಿಗೇರಿಯಲ್ಲಿ ಇಳಿಯುವಾಗ ಪುಸ್ತಕದ ಹೆಸರು ಕೇಳಿದರು. ರಟ್ಟು ಹಾಕಿದ್ದೆನಲ್ಲ, ಕಂಡಿರಲಿಲ್ಲ. ಒಳಗೆ ಗುರುತಿಗೆ ಇಟ್ಟಿದ್ದ ಹಳೇ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟೆ.